ತಾರಸಿ ಮೇಲಿನ ವೈರ್‌ಲೆಸ್ ಆಂಟೆನಾ: ಕಂಬದಿಂದ ಅರ್ಥಿಂಗ್‌ವರೆಗೆ

"ಆಂಟೆನಾ ಕಂಬಕ್ಕೆ ಅಂತಲೇ ಬೇರೆ ರಾಡ್ ಹೊಡೆದು ಅರ್ಥಿಂಗ್ ಕೊಟ್ಟಿದ್ದೇವೆ. ಆದರೂ ಗುಡುಗು ಮಳೆ ಬಂದಾಗಲೆಲ್ಲ ರೂಟರಿನ ಪೋರ್ಟ್ ಸುಟ್ಟುಹೋಗುತ್ತದೆ. ಎಲ್ಲಿ ತಪ್ಪಾಗಿದೆ?"

ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಬಹಳ ಸಲ ತಪ್ಪು ಇರುವುದು ಆ "ಬೇರೆ ರಾಡ್" ಅನ್ನುವ ಮಾತಿನಲ್ಲೇ. ಕಟ್ಟಡದ ಅರ್ಥಿಂಗ್ ಒಂದು ಮೂಲೆಯಲ್ಲಿ, ಆಂಟೆನಾದ ಅರ್ಥಿಂಗ್ ಇನ್ನೊಂದು ಮೂಲೆಯಲ್ಲಿ, ಎರಡನ್ನೂ ಸೇರಿಸುವ ತಂತಿಯೇ ಇಲ್ಲ ಅಂದರೆ ರಕ್ಷಣೆ ಸಿಗುವುದಿಲ್ಲ, ಅಪಾಯ ಜಾಸ್ತಿಯಾಗುತ್ತದೆ. ಯಾಕೆ ಅಂತ ಆರನೇ ಹಂತದಲ್ಲಿ ಲೆಕ್ಕ ಸಮೇತ ಹೇಳಿದ್ದೇನೆ. ಉಳಿದದ್ದೆಲ್ಲ ಓದದಿದ್ದರೂ ಅದೊಂದನ್ನು ದಯವಿಟ್ಟು ಓದಿ.

ಇಲ್ಲಿ ಹೇಳುವುದು ತಾರಸಿ ಅಥವಾ ಗೋಡೆಗೆ ಹಾಕುವ ಸಣ್ಣ ಕಂಬಗಳ ವಿಷಯ. ಎರಡು ಕಟ್ಟಡಗಳ ನಡುವಿನ ವೈರ್‌ಲೆಸ್ ಲಿಂಕ್, ಹೊರಾಂಗಣದ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ), ಸಣ್ಣ ಡಿಶ್, ಇಂಥವು. ಎತ್ತರದ ಟವರ್‌ಗಳಿಗೆ ಎಂಜಿನಿಯರ್ ಬೇಕೇ ಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಡಿಲು ನೇರವಾಗಿ ಆಂಟೆನಾಕ್ಕೇ ಬಡಿದರೆ ಆ ಆಂಟೆನಾ, ಅದರ ರೇಡಿಯೋ (ಸಿಗ್ನಲ್ ಕಳಿಸುವ, ಪಡೆಯುವ ಸಾಧನ) ಉಳಿಯುವ ಆಸೆ ಇಟ್ಟುಕೊಳ್ಳಬೇಡಿ. ಒಂದು ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಅಂಥ ಹೊತ್ತಿನಲ್ಲಿ ಒಳಗಿರುವ ಜನ ಮತ್ತು ಕಟ್ಟಡ ಉಳಿಯಲಿ ಅನ್ನುವುದಕ್ಕೇ ಅರ್ಥಿಂಗ್ ಇರುವುದು. ಆದರೆ ಹೆಚ್ಚಿನ ಹಾನಿ ಆಗುವುದು ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನಿಂದ ತಂತಿಗಳಲ್ಲಿ ಏಳುವ ವೋಲ್ಟೇಜಿನಿಂದ. ಅದನ್ನು ಸರಿಯಾದ ಕೆಲಸದಿಂದ ಬಹುಮಟ್ಟಿಗೆ ತಡೆಯಬಹುದು.

ಮುಂದೆ ಬರುವ ಕೆಲವು ಪದಗಳು:

ಅರ್ಥಿಂಗ್ ಅಂದರೆ ಲೋಹದ ಭಾಗಗಳನ್ನು ದಪ್ಪ ತಂತಿಯಿಂದ ನೆಲಕ್ಕೆ ಸೇರಿಸುವುದು. ಬಾಂಡಿಂಗ್ ಅಂದರೆ ಎರಡು ಲೋಹದ ಭಾಗಗಳನ್ನು ಒಂದಕ್ಕೊಂದು ಸೇರಿಸಿ, ಅವುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಬರದಂತೆ ಮಾಡುವುದು. ಸರ್ಜ್ ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಂದು ಹೋಗುವ ಭಾರೀ ವೋಲ್ಟೇಜ್. ಪಿಒಇ ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ರೇಡಿಯೋಗೆ ಕರೆಂಟನ್ನೂ ಕಳಿಸುವ ವ್ಯವಸ್ಥೆ.

ಬೇಕಾಗುವ ಸಾಮಾನು: ಕಲಾಯಿ (ಸತುವಿನ ಲೇಪನ) ಹಾಕಿದ ಕಬ್ಬಿಣದ ಪೈಪು, ಗೋಡೆ ಕ್ಲಾಂಪುಗಳು, ಹೊರಾಂಗಣಕ್ಕೆ ತಕ್ಕ ಶೀಲ್ಡ್ (ತಂತಿಗಳ ಸುತ್ತ ಲೋಹದ ಒಳಹೊದಿಕೆ) ಇರುವ ನೆಟ್‌ವರ್ಕ್ ಕೇಬಲ್, ಅದಕ್ಕೆ ಲೋಹದ ಕವಚದ ಆರ್‌ಜೆ45 ಕನೆಕ್ಟರ್, 16 ಚದರ ಮಿ.ಮೀ. ತಾಮ್ರದ ಅರ್ಥ್ ವೈರ್, ತವರ ಲೇಪಿತ ಲಗ್ಗುಗಳು (ಬೋಲ್ಟಿಗೆ ಬಿಗಿಯಲು ತಂತಿಯ ತುದಿಗೆ ಹಾಕುವ ಲೋಹದ ಬಳೆ), ಅರ್ಥ್ ರಾಡ್, ಎರಡು ಸರ್ಜ್ ಪ್ರೊಟೆಕ್ಟರ್, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು, ಮಲ್ಟಿಮೀಟರ್, ಸೇಫ್ಟಿ ಬೆಲ್ಟು, ಹೆಲ್ಮೆಟ್. ಜೊತೆಗೆ ಒಬ್ಬ ಮನುಷ್ಯ. ಒಬ್ಬರೇ ಈ ಕೆಲಸಕ್ಕೆ ಕೈ ಹಾಕಬೇಡಿ.

1. ಜಾಗ ಆರಿಸುವುದು

ಮೊದಲು ನೋಡಬೇಕಾದ್ದು ಕರೆಂಟಿನ ತಂತಿ. ಸಿಗ್ನಲ್ ವಿಚಾರ ಆಮೇಲೆ. ಕಂಬ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ಲೈನಿಗೆ ತಾಗಬಾರದು. ಕಂಬ, ಆಂಟೆನಾ ಎರಡೂ ಸೇರಿದ ಎತ್ತರದ ಕನಿಷ್ಠ ಒಂದೂವರೆ ಪಟ್ಟು ದೂರ ಇರಲಿ. ಎರಡು ಪಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟು ಜಾಗ ಇಲ್ಲ ಅಂದರೆ ಆ ಜಾಗ ಬೇಡ. ಇದರಲ್ಲಿ ರಾಜಿ ಇಲ್ಲ. ಸಿಡಿಲಿಗೆ ಹೆದರುವ ಜನ ಈ ತಂತಿಗಳನ್ನು ಮರೆಯುತ್ತಾರೆ. ಉದ್ದನೆಯ ಪೈಪನ್ನು ಎತ್ತಿ ನಿಲ್ಲಿಸುವಾಗ ಅದು ಕೈತಪ್ಪಿ ಲೈನಿಗೆ ತಾಗುವುದೇ ಈ ಕೆಲಸದ ಅತಿ ದೊಡ್ಡ ಅಪಾಯ.

ಎರಡನೆಯದು ನೋಟ. ಎದುರಿನ ಆಂಟೆನಾ ಕಣ್ಣಿಗೆ ಕಂಡರೆ ಸಾಲದು, ನಡುದಾರಿಯಲ್ಲಿ ಸುತ್ತಲೂ ಒಂದಷ್ಟು ಖಾಲಿ ಜಾಗ ಬೇಕು. ಇದಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 5 ಕಿ.ಮೀ. ಲಿಂಕ್ ಆದರೆ ಸರಿಯಾಗಿ ಮಧ್ಯದಲ್ಲಿ ಇದರ ತ್ರಿಜ್ಯ ಸುಮಾರು 8 ಮೀಟರ್. ಅದರಲ್ಲಿ ಶೇ. 60, ಅಂದರೆ ಸುಮಾರು 5 ಮೀಟರ್, ಮರ ಕಟ್ಟಡ ಏನೂ ಅಡ್ಡ ಇರಬಾರದು.

ಮೂರನೆಯದನ್ನು ಯಾರೂ ಯೋಚಿಸುವುದೇ ಇಲ್ಲ. ಕಟ್ಟಡದ ಮುಖ್ಯ ಅರ್ಥಿಂಗ್ ಎಲ್ಲಿದೆ ನೋಡಿ. ಮೀಟರ್ ಬೋರ್ಡಿನ ಹತ್ತಿರ ಇರುತ್ತದೆ. ಎರಡು ಜಾಗದಲ್ಲೂ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಅಂದರೆ ಆ ಬದಿಯ ಜಾಗವನ್ನೇ ಆರಿಸಿ. ಮುಂದಿನ ಅರ್ಧ ಕೆಲಸ ಇದರಿಂದಲೇ ಸುಲಭವಾಗುತ್ತದೆ.

2. ಕೆಳಗೇ ಜೋಡಿಸಿ ನೋಡುವುದು

ರೇಡಿಯೋ ಸೆಟ್ಟಿಂಗ್, ಪಾಸ್‌ವರ್ಡ್, ಸಾಫ್ಟ್‌ವೇರ್ ಅಪ್‌ಡೇಟ್ ಎಲ್ಲವನ್ನೂ ಮೇಜಿನ ಮೇಲೇ ಮುಗಿಸಿ. ಎರಡೂ ಬದಿಯ ರೇಡಿಯೋಗಳು ಒಂದೇ ಕೋಣೆಯಲ್ಲಿ ಮಾತಾಡಲಿ, ಆಮೇಲೆ ಮೇಲೆ ಒಯ್ಯಿರಿ.

ಇಲ್ಲೇ ಪಿಒಇ ವೋಲ್ಟೇಜನ್ನೂ ಖಚಿತ ಮಾಡಿಕೊಳ್ಳಿ. ಕೆಲವು ರೇಡಿಯೋಗಳು 24 ವೋಲ್ಟಿನ ಸರಳ ಪಿಒಇಯಲ್ಲಿ ನಡೆಯುತ್ತವೆ. ಇನ್ನು ಕೆಲವಕ್ಕೆ 48 ವೋಲ್ಟಿನ ಪ್ರಮಾಣಿತ ಪಿಒಇ ಬೇಕು. ಪ್ರಮಾಣಿತ ಸ್ವಿಚ್ಚು ಎದುರಿನ ಸಾಧನವನ್ನು ಕೇಳಿಯೇ ಕರೆಂಟ್ ಬಿಡುತ್ತದೆ. ಸರಳ ಪಿಒಇ ಅಡಾಪ್ಟರ್ ಕೇಳುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ತಪ್ಪು ಅಡಾಪ್ಟರ್ ಹಾಕಿದರೆ ಸಿಡಿಲೇ ಬೇಕಾಗಿಲ್ಲ, ರೇಡಿಯೋ ಅಲ್ಲೇ ಸುಟ್ಟುಹೋಗಬಹುದು.

3. ಕಂಬ ನಿಲ್ಲಿಸುವುದು

ಇಲ್ಲಿ ಶತ್ರು ಗಾಳಿ. ಗಂಟೆಗೆ 144 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 100 ಕೆಜಿ ಒತ್ತಡ ಹಾಕುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 60 ಸೆಂ.ಮೀ. ಅಗಲದ ಗಟ್ಟಿ ಡಿಶ್‌ಗೆ ಅಂಥ ಗಾಳಿಯಲ್ಲಿ 30ರಿಂದ 40 ಕೆಜಿ ತಳ್ಳು ಬೀಳುತ್ತದೆ ಅಂತ ಇಟ್ಟುಕೊಳ್ಳಿ.

ಇಷ್ಟೇ ತಾನೇ ಅನ್ನಿಸಬಹುದು. ಆದರೆ ಕಂಬ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮೇಲಿನ ಕ್ಲಾಂಪಿನಿಂದ 3 ಮೀಟರ್ ಎತ್ತರದಲ್ಲಿ ಡಿಶ್ ಇದೆ, ಅದರ ಮೇಲೆ 35 ಕೆಜಿ ತಳ್ಳು ಇದೆ ಅನ್ನಿ. ಎರಡು ಕ್ಲಾಂಪುಗಳ ನಡುವೆ 1 ಮೀಟರ್ ಅಂತರ ಇದ್ದರೆ ಮೇಲಿನ ಕ್ಲಾಂಪಿಗೆ 140 ಕೆಜಿ ಬೀಳುತ್ತದೆ. ಅದೇ ಕ್ಲಾಂಪುಗಳನ್ನು 30 ಸೆಂ.ಮೀ. ಅಂತರದಲ್ಲಿ ಹಾಕಿದರೆ 385 ಕೆಜಿ! ಬೋಲ್ಟು ಗೋಡೆಯಿಂದ ಕಿತ್ತು ಬರುವುದು ಹೀಗೇ. ಹಾಗಾಗಿ ಕ್ಲಾಂಪುಗಳ ನಡುವೆ ಎಷ್ಟು ಸಾಧ್ಯವೋ ಅಷ್ಟು ಅಂತರ ಕೊಡಿ. ಕಂಬ ಸ್ವಲ್ಪ ಉದ್ದ ಅನ್ನಿಸಿದರೆ 120 ಡಿಗ್ರಿಗೆ ಒಂದರಂತೆ ಮೂರು ಸ್ಟೇ ತಂತಿ ಎಳೆದು ಕಟ್ಟಿ.

ಗ್ಯಾಸ್ ಪೈಪು, ನೀರಿನ ಪೈಪು, ಒಂಟಿ ಇಟ್ಟಿಗೆಯ ತಡೆಗೋಡೆ, ಹೊಗೆಗೂಡು, ಇವು ಯಾವುದಕ್ಕೂ ಕಂಬ ಕಟ್ಟಬೇಡಿ.

ಎತ್ತರದ ಮೇಲೆ ಒಂದು ಮಾತು: ಬೇಕಾದಷ್ಟೇ ಎತ್ತರ ಸಾಕು. ಕಟ್ಟಡದ ಮೇಲೆ ಸಿಡಿಲು ರಕ್ಷಣೆಯ ವ್ಯವಸ್ಥೆ ಮೊದಲೇ ಇದ್ದರೆ ಅದರ ತುದಿಗಿಂತ ಆಂಟೆನಾ ಮೇಲೆ ಹೋಗಬಾರದು. ಅದನ್ನು ಹಾಕಿದವರನ್ನು ಕೇಳಿ, ಅದರ ರಕ್ಷಣೆಯೊಳಗೆ ಬರುವ ಜಾಗದಲ್ಲೇ ಆಂಟೆನಾ ಕೂರಿಸಿ.

4. ಮೇಲೆ ಹತ್ತುವಾಗ

ಗಾಳಿ, ಮಳೆ, ಕತ್ತಲೆ ಇದ್ದರೆ ಹತ್ತಬೇಡಿ. ಮಿಂಚು ಕಂಡ ಮೇಲೆ ಗುಡುಗು ಕೇಳಿಸಲು 30 ಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಿಡಿಲು 10 ಕಿ.ಮೀ. ಒಳಗಿದೆ ಅಂತ ಅರ್ಥ. ಕೂಡಲೇ ಇಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹತ್ತಬೇಡಿ. ಆಕಾಶ ತಿಳಿಯಾಯಿತು ಅನ್ನುವ ಧೈರ್ಯ ಸಾಲದು.

ಬೆಲ್ಟನ್ನು ಗಟ್ಟಿ ಆಧಾರಕ್ಕೆ ಸಿಕ್ಕಿಸಿ. ನೀವು ಹಾಕುತ್ತಿರುವ ಕಂಬಕ್ಕೇ ಅಲ್ಲ! ಸ್ಪ್ಯಾನರುಗಳನ್ನು ದಾರ ಕಟ್ಟಿ ಒಯ್ಯಿರಿ. ಕೆಳಗೆ ಯಾರೂ ನಿಲ್ಲಬಾರದು. ಡಿಶ್ ಮುಂದೆ ಕೆಲಸ ಮಾಡುವಾಗ ರೇಡಿಯೋ ಆಫ್ ಇರಲಿ.

5. ಕೇಬಲ್ ಎಳೆಯುವುದು

ಆಂಟೆನಾ ಮೇಲೆ, ರೇಡಿಯೋ ಕೆಳಗೆ ಇಟ್ಟು ನಡುವೆ ಕೋಆಕ್ಸ್ ಕೇಬಲ್ (ಡಿಶ್ ಟಿವಿಗೆ ಬರುವಂಥ ದುಂಡು ಕೇಬಲ್) ಎಳೆಯುವ ಹಳೇ ಪದ್ಧತಿ ಈಗ ಬೇಡ. 5.8 ಗಿಗಾಹರ್ಟ್ಸ್‌ನಲ್ಲಿ 10 ಮಿ.ಮೀ. ದಪ್ಪದ ಒಳ್ಳೆಯ ಕೋಆಕ್ಸ್ ಕೂಡ 10 ಮೀಟರಿಗೆ ಅರ್ಧಕ್ಕಿಂತ ಜಾಸ್ತಿ ಶಕ್ತಿಯನ್ನು ನುಂಗುತ್ತದೆ. ರೇಡಿಯೋವನ್ನು ಆಂಟೆನಾ ಪಕ್ಕದಲ್ಲೇ ಇಟ್ಟು ಕೆಳಗೆ ನೆಟ್‌ವರ್ಕ್ ಕೇಬಲ್ ಇಳಿಸಿ. ಉದ್ದ 100 ಮೀಟರ್ ಮೀರಬಾರದು.

ಒಳಾಂಗಣದ ಬೂದು ಕೇಬಲ್ ಹೊರಗೆ ಹಾಕಬೇಡಿ. ಬಿಸಿಲಿಗೆ ಅದರ ಹೊದಿಕೆ ಸಿಡಿದು ನೀರು ಒಳಗಿಳಿಯುತ್ತದೆ. ಹೊರಾಂಗಣದ ಕಪ್ಪು ಹೊದಿಕೆಯ ಶೀಲ್ಡ್ ಕೇಬಲ್ಲೇ ಬೇಕು. ಅದರೊಳಗೆ ಶೀಲ್ಡಿನ ತೆಳು ಲೋಹದ ಹಾಳೆಯ ಜೊತೆ ಒಂದು ಬರಿ ತಂತಿ ಇರುತ್ತದೆ. ಕ್ರಿಂಪ್ ಮಾಡುವಾಗ, ಅಂದರೆ ಕನೆಕ್ಟರನ್ನು ಒತ್ತಿ ಕೂರಿಸುವಾಗ, ಆ ತಂತಿ ಕನೆಕ್ಟರಿನ ಲೋಹದ ಕವಚಕ್ಕೆ ಗಟ್ಟಿಯಾಗಿ ತಾಗಬೇಕು. ಅನೇಕರು ಅದನ್ನು ಕತ್ತರಿಸಿ ಎಸೆದು, ಪ್ಲಾಸ್ಟಿಕ್ ಕನೆಕ್ಟರ್ ಹಾಕುತ್ತಾರೆ. ಆಗ ಶೀಲ್ಡಿಗೆ ಕೊಟ್ಟ ದುಡ್ಡು ದಂಡ.

ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಕೆಳಗೆ ಒಂದು ಬಾಗು ಬಿಡಿ. ಮಳೆ ನೀರು ಆ ಬಾಗಿನ ತಳದಿಂದ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ರಂಧ್ರವನ್ನು ಹೊರಕ್ಕೆ ಇಳಿಜಾರಾಗಿ ಕೊರೆಯಿರಿ.

6. ಅರ್ಥಿಂಗ್: ನೇರ, ಗಿಡ್ಡ, ಒಂದೇ

ಈಗ ಮುಖ್ಯ ವಿಷಯಕ್ಕೆ ಬರೋಣ.

ಮೊದಲು ತಂತಿ. ಆಂಟೆನಾ ಕಂಬಕ್ಕೆ 16 ಚದರ ಮಿ.ಮೀ. ತಾಮ್ರದ ತಂತಿ ಬೇಕು. ನಿಮ್ಮ ದೇಶದ ನಿಯಮ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಆದರೆ ದಪ್ಪಕ್ಕಿಂತ ಮುಖ್ಯವಾದ್ದು ದಾರಿ. ಮಾಮೂಲಿ ಕರೆಂಟಿಗೆ ತಾಮ್ರದ ತಂತಿ ಅಂದರೆ ಅಡ್ಡಿಯೇ ಇಲ್ಲ. ಸಿಡಿಲಿನ ಕರೆಂಟು ಹಾಗಲ್ಲ, ಮೈಕ್ರೋಸೆಕೆಂಡುಗಳಲ್ಲಿ ಏರುತ್ತದೆ. ಅಷ್ಟು ಬೇಗ ಏರುವ ಕರೆಂಟಿಗೆ ನೆಟ್ಟಗಿರುವ ತಂತಿಯೂ ತಡೆ ಒಡ್ಡುತ್ತದೆ. ಒಂದು ಮೀಟರ್ ತಂತಿಯ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ಸುಮಾರು 1 ಮೈಕ್ರೋಹೆನ್ರಿ. ಕರೆಂಟು ಮೈಕ್ರೋಸೆಕೆಂಡಿಗೆ 10,000 ಆಂಪಿಯರ್ ಏರಿದರೆ ಆ ಒಂದೇ ಮೀಟರಿನ ಎರಡು ತುದಿಗಳ ನಡುವೆ 10,000 ವೋಲ್ಟ್ ನಿಲ್ಲುತ್ತದೆ. ಹತ್ತು ಮೀಟರ್ ಸುತ್ತಿಸಿದರೆ ನೀವೇ ಲೆಕ್ಕ ಹಾಕಿ.

ಹಾಗಾಗಿ ಅರ್ಥ್ ವೈರ್ ಕಂಬದಿಂದ ನೆಲಕ್ಕೆ ಆದಷ್ಟು ನೆಟ್ಟಗೆ ಇಳಿಯಬೇಕು. ತಿರುಗಲೇಬೇಕಾದರೆ ಕನಿಷ್ಠ 20 ಸೆಂ.ಮೀ. ತ್ರಿಜ್ಯದ ಅಗಲ ಬಾಗು ಇರಲಿ. ಜೋರಾಗಿ ಬಂದ ಬಸ್ಸು ತೀರಾ ಚೂಪು ತಿರುವಿನಲ್ಲಿ ರಸ್ತೆ ಬಿಟ್ಟು ಹೋಗುವ ಹಾಗೆ ಸಿಡಿಲಿನ ಕರೆಂಟೂ ಚೂಪು ಬಾಗಿನಲ್ಲಿ ತಂತಿ ಬಿಟ್ಟು ಪಕ್ಕದ ಲೋಹಕ್ಕೆ ನೆಗೆಯಬಹುದು. ಉಳಿದ ತಂತಿಯನ್ನು ಸುರುಳಿ ಸುತ್ತಿ ಬಿಡಬೇಡಿ, ಕತ್ತರಿಸಿ. ನೆಟ್‌ವರ್ಕ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ತರಬೇಡಿ. ತಂತಿಯನ್ನು ಮನೆಯ ಒಳಗಿಂದ ಒಯ್ಯಬೇಡಿ, ಹೊರಗೋಡೆಯ ಮೇಲೇ ಇಳಿಸಿ.

ಕಂಬಕ್ಕೆ ತಂತಿ ಸೇರಿಸುವ ಜಾಗದಲ್ಲಿ ಬಣ್ಣ ಇದ್ದರೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ತೆಗೆಯಿರಿ. ಬಣ್ಣದ ಮೇಲೆ ಹಾಕಿದ ಕ್ಲಾಂಪ್ ನೋಡಲು ಗಟ್ಟಿ, ಆದರೆ ಕರೆಂಟಿಗೆ ದಾರಿಯೇ ಇರುವುದಿಲ್ಲ. ಬರಿ ತಾಮ್ರವನ್ನು ಕಲಾಯಿ ಪೈಪಿಗೆ ನೇರವಾಗಿ ಬಿಗಿದರೆ ತೇವಕ್ಕೆ ಕಲಾಯಿ ಸವೆದು ತುಕ್ಕು ಹಿಡಿಯುತ್ತದೆ. ತವರ ಲೇಪಿತ ಲಗ್ ಮತ್ತು ಸ್ಟೇನ್‌ಲೆಸ್ ಬೋಲ್ಟು ಬಳಸಿ.

ಇನ್ನು ರಾಡ್. ಸುಮಾರು 2.4 ಮೀಟರ್ ಉದ್ದದ ರಾಡನ್ನು ಪೂರ್ತಿ ನೆಲಕ್ಕೆ ಇಳಿಸಿ. ಹೊಡೆಯುವ ಮುನ್ನ ಕೆಳಗೆ ನೀರು, ಗ್ಯಾಸ್, ಕರೆಂಟ್ ಲೈನು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎರಡು ರಾಡ್ ಬೇಕಾದರೆ ನಡುವೆ ಕನಿಷ್ಠ ಒಂದು ರಾಡಿನ ಉದ್ದದಷ್ಟು ಅಂತರ ಇರಲಿ. ತೀರಾ ಹತ್ತಿರ ಹೊಡೆದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಲಾಭ ಕಡಿಮೆ.

ಈಗ ಬಂತು ಆ ಬೇರೆ ರಾಡಿನ ಲೆಕ್ಕ. ನಿಮ್ಮ ಆಂಟೆನಾ ರಾಡಿನ ಅರ್ಥ್ ರೆಸಿಸ್ಟೆನ್ಸ್, ಅಂದರೆ ರಾಡಿನಿಂದ ಮಣ್ಣಿಗೆ ಕರೆಂಟು ಇಳಿಯಲು ಇರುವ ತಡೆ, 10 ಓಮ್ ಇದೆ ಅನ್ನಿ. ಒಳ್ಳೆಯ ಅಂಕಿಯೇ. ಅದರಲ್ಲಿ ಸಿಡಿಲಿನ ಸಣ್ಣ ಪಾಲು, ಬರೀ 1,000 ಆಂಪಿಯರ್, ಹರಿಯಿತು. ಆ ಕ್ಷಣ ಆ ರಾಡು, ಕಂಬ, ರೇಡಿಯೋ ಎಲ್ಲವೂ 10,000 ವೋಲ್ಟಿಗೆ ಏರುತ್ತವೆ. ಕಟ್ಟಡದ ಅರ್ಥಿಂಗ್ ಮಾತ್ರ ಇದ್ದಲ್ಲೇ ಇದೆ. ಎರಡರ ನಡುವೆ ಇರುವ ಒಂದೇ ಸೇತುವೆ ಯಾವುದು? ನಿಮ್ಮ ನೆಟ್‌ವರ್ಕ್ ಕೇಬಲ್ ಮತ್ತು ಅದರ ತುದಿಯ ರೂಟರ್. ನೆಟ್‌ವರ್ಕ್ ಪೋರ್ಟ್ ತಡೆದುಕೊಳ್ಳಬೇಕಾದ ವೋಲ್ಟೇಜ್ 1,500. ಹತ್ತು ಸಾವಿರ ಬಂದರೆ ಅದು ಸುಡದೆ ಇನ್ನೇನು ಮಾಡೀತು?

ಎರಡೂ ಅರ್ಥಿಂಗನ್ನು ದಪ್ಪ ತಾಮ್ರದ ತಂತಿಯಿಂದ ಸೇರಿಸಿದರೆ ಎಲ್ಲವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ನಡುವೆ ವ್ಯತ್ಯಾಸ ಸಣ್ಣದಾಗಿರುವುದರಿಂದ ರೂಟರ್ ಮೂಲಕ ಹರಿಯುವ ಕರೆಂಟೂ ಸಣ್ಣದಾಗುತ್ತದೆ. ಇದಕ್ಕೂ 16 ಚದರ ಮಿ.ಮೀ. ತಂತಿಯನ್ನೇ ಹಾಕಿ. ಹೊರಗಿನಿಂದ, ನೆಲದ ಮಟ್ಟದಲ್ಲೇ ಒಯ್ಯಿರಿ. ಕಟ್ಟಡದ ಮುಖ್ಯ ಅರ್ಥ್ ಪಟ್ಟಿಗೆ ಸೇರಿಸುವ ಕೆಲಸ ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದು. ಅಲ್ಲಿ ಮುಖ್ಯ ಸಪ್ಲೈ ಇರುತ್ತದೆ.

"ಮುಖ್ಯ ಅರ್ಥಿಂಗಿಗೆ ಸೇರಿಸಿದರೆ ಸಿಡಿಲನ್ನು ಮನೆಯೊಳಗೆ ಕರೆದ ಹಾಗಲ್ವಾ?" ಅನ್ನುವ ಹೆದರಿಕೆ ಅನೇಕರಿಗಿದೆ. ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ. ಸೇರಿಸದೆ ಬಿಟ್ಟರೆ ಅದು ನೆಟ್‌ವರ್ಕ್ ಕೇಬಲ್ ಹಿಡಿದು ಒಳಗೆ ಬಂದೇ ಬರುತ್ತದೆ.

ಮಾಡಲೇಬಾರದ ಮೂರು: ನ್ಯೂಟ್ರಲ್ ತಂತಿಗೆ ಸೇರಿಸುವುದು, ಗ್ಯಾಸ್ ಪೈಪಿಗೆ ಸೇರಿಸುವುದು, ಹತ್ತಿರದ ಪ್ಲಗ್ ಪಾಯಿಂಟಿನ ಮೂರನೇ ಪಿನ್ನಿಗೆ ಸಣ್ಣ ತಂತಿ ಎಳೆದು ಕೆಲಸ ಮುಗಿಸುವುದು. ಆ ಪಿನ್ನಿನ ಹಿಂದೆ ತಂತಿಯೇ ಇಲ್ಲದಿರಬಹುದು.

7. ಸರ್ಜ್ ಪ್ರೊಟೆಕ್ಟರ್

ಕೇಬಲ್ಲಿನ ಒಳತಂತಿಗಳನ್ನು ನೇರವಾಗಿ ಅರ್ಥ್ ಮಾಡಲಾಗುವುದಿಲ್ಲ, ಡೇಟಾ ನಿಂತುಹೋಗುತ್ತದೆ. ಸರ್ಜ್ ಪ್ರೊಟೆಕ್ಟರ್ ಮಾಮೂಲಿ ವೋಲ್ಟೇಜಿಗೆ ಸುಮ್ಮನಿದ್ದು, ಸರ್ಜ್ ಬಂದಾಗ ಮಾತ್ರ ಅದನ್ನು ಅರ್ಥಿಗೆ ತಿರುಗಿಸುತ್ತದೆ. ಒಂದು ರೇಡಿಯೋ ಹತ್ತಿರ, ಇನ್ನೊಂದು ಕೇಬಲ್ ಕಟ್ಟಡದೊಳಗೆ ಬರುವ ಜಾಗದಲ್ಲಿ. ಒಂದನ್ನೇ ಹಾಕುವುದಾದರೆ ಕಟ್ಟಡದ ಬಾಯಲ್ಲಿ ಹಾಕಿ. ಅದು ನಿಮ್ಮ ಪಿಒಇ ವೋಲ್ಟೇಜ್ ಮತ್ತು ಕೇಬಲ್ ವೇಗಕ್ಕೆ ಹೊಂದಬೇಕು. ಅದರ ಅರ್ಥ್ ವೈರ್ ಗೇಣುದ್ದ ಇದ್ದರೆ ಸಾಕು, ಮೀಟರುಗಟ್ಟಲೆ ಬೇಡ. ಅರ್ಥ್ ವೈರೇ ಇಲ್ಲದೆ ನೇತಾಡುತ್ತಿರುವ ಸರ್ಜ್ ಪ್ರೊಟೆಕ್ಟರುಗಳು ಬಹಳ ಕಡೆ ಸಿಗುತ್ತವೆ. ಅವುಗಳಿಂದ ಏನೂ ಪ್ರಯೋಜನವಿಲ್ಲ.

ಎರಡು ಬೇರೆ ಬೇರೆ ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯುವ ಸಂದರ್ಭ ಬಂದರೆ ಅದನ್ನು ಬಿಟ್ಟು ಲೋಹವಿಲ್ಲದ ಫೈಬರ್ ಹಾಕಿ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಆಂಟೆನಾದಿಂದ ಕೆಳಗೂ ಫೈಬರ್ ಇಳಿಸಬಹುದು. ಆದರೆ ರೇಡಿಯೋಗೆ ಕರೆಂಟ್ ಕೊಡುವ ತಂತಿ ತಾಮ್ರದ್ದೇ ಆಗಿರುವುದರಿಂದ ಅದಕ್ಕೆ ಪ್ರೊಟೆಕ್ಟರ್ ಬೇಕೇ ಬೇಕು.

8. ನೀರು ಇಳಿಯದಂತೆ ಸುತ್ತುವುದು

ಕೋಆಕ್ಸ್ ತುಂಡು, ಹೊರಗಿನ ಕನೆಕ್ಟರ್ ಏನೇ ಇದ್ದರೂ ಮೊದಲು ರಬ್ಬರ್ ಟೇಪನ್ನು ಎಳೆದು ಹಿಗ್ಗಿಸುತ್ತಾ ಸುತ್ತಿ. ಅದರ ಮೇಲೆ ಬಿಸಿಲು ತಡೆಯುವ ವಿನೈಲ್ ಟೇಪು. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಲಿ. ಆಗ ಪದರಗಳು ಹೆಂಚಿನಂತೆ ಒಂದರ ಮೇಲೊಂದು ಕೂತು ನೀರು ಹೊರಗೇ ಜಾರುತ್ತದೆ. ರೇಡಿಯೋ ಅಡಿಯಲ್ಲಿರುವ ಸಣ್ಣ ರಂಧ್ರವನ್ನು ಮಾತ್ರ ಮುಚ್ಚಬೇಡಿ, ಒಳಗಿನ ತೇವ ಹೊರಹೋಗಲು ಅದು ಬೇಕು.

9. ಪರೀಕ್ಷೆ

ಕಂಬವನ್ನು ಕಟ್ಟಡದ ಅರ್ಥಿಂಗಿಗೆ ಸೇರಿಸುವ ಮೊದಲು ಎರಡರ ನಡುವೆ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟೇಜ್ ನೋಡಿ. ಗಣನೀಯ ವೋಲ್ಟೇಜ್ ತೋರಿಸಿದರೆ ಕಟ್ಟಡದ ವೈರಿಂಗಿನಲ್ಲೇ ದೋಷ ಇದೆ. ಅಲ್ಲಿಗೇ ನಿಲ್ಲಿಸಿ, ಬರಿಗೈಯಲ್ಲಿ ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಸಿ.

ಸೇರಿಸಿದ ಮೇಲೆ ಕಂಬದಿಂದ ಮುಖ್ಯ ಅರ್ಥ್ ಪಟ್ಟಿಯವರೆಗೆ ರೆಸಿಸ್ಟೆನ್ಸ್ ನೋಡಿ. ಒಂದು ಓಮ್‌ಗಿಂತ ಕಡಿಮೆ ಇರಬೇಕು. ಇದು ತಂತಿಯ ಪರೀಕ್ಷೆ ಮಾತ್ರ. ಮಣ್ಣಿನ ಜೊತೆಗಿನ ಸಂಪರ್ಕ ಅಳೆಯಲು ಮಲ್ಟಿಮೀಟರ್ ಸಾಲದು, ದೂರದಲ್ಲಿ ಎರಡು ಗೂಟ ಹೊಡೆದು ಅಳೆಯುವ ಅರ್ಥ್ ಟೆಸ್ಟರ್ ಬೇಕು. ಅದರಲ್ಲಿ 10 ಓಮ್ ಅಥವಾ ಕಡಿಮೆ ಬಂದರೆ ಒಳ್ಳೆಯದು. ಮಣ್ಣು ಒಣಗಿದ ಕಾಲದಲ್ಲಿ ಅಳೆಯಿರಿ. ಮಳೆ ಬಂದ ಮಾರನೇ ದಿನದ ಅಂಕಿ ನಂಬಬೇಡಿ.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಎಲ್ಲ ಬೋಲ್ಟುಗಳಿಗೂ ಸ್ಪ್ಯಾನರ್ ಹಾಕಿ ನೋಡಿ. ಹತ್ತಿರದಲ್ಲಿ ಸಿಡಿಲು ಬಿದ್ದ ಮೇಲೆ ಲಿಂಕ್ ನಡೆಯುತ್ತಿದ್ದರೂ ಸರ್ಜ್ ಪ್ರೊಟೆಕ್ಟರ್ ಬದಲಿಸುವುದು ಒಳ್ಳೆಯದು. ಅದು ಪೆಟ್ಟು ತಿನ್ನುತ್ತಾ ಸವೆಯುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಲಗ್ಗುಗಳ ಸುತ್ತ ಹಸಿರು ಅಥವಾ ಬಿಳಿ ಪುಡಿ ಕಂಡರೆ ಜೋಡಣೆ ಬಿಚ್ಚಿ, ತಂತಿ ಬ್ರಶ್ಶಿನಿಂದ ಉಜ್ಜಿ, ಮತ್ತೆ ಬಿಗಿದು, ಇನ್ನೊಮ್ಮೆ ಮೀಟರ್ ಹಿಡಿಯಿರಿ.